ಬಾಡಗಂಡಿ ಹಂಪಿನ ಮೇಲೆ ಕೈಬಿಟ್ಟ ಬ್ರೇಕು

ಬೀಳಗಿಯಿಂದ ನಾವು ಹೊರಟಾಗ ಬೆಳಗಿನ ಏಳೂವರೆ. ಮೂರು ದಿನದಿಂದ ಅಕಾಲದ ಜಿಟಿಜಿಟಿ ಮಳೆ ಹಿಡಿದಿತ್ತು. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಹಸಿ ವಾಸನೆ. ಸ್ಟಿಯರಿಂಗ್ ಹಿಡಿದವಳು ನಾನು. ನಮ್ಮವರು ಎಡಗಡೆಯ ಸೀಟಿನಲ್ಲಿ ಕೈಕಟ್ಟಿ ಕುಳಿತಿದ್ದರು. ಕಾರು ಕೊಂಡು ಎರಡು ವರ್ಷವಾದರೂ ಆ ಸೀಟಿನ ಬೆಲ್ಟ್ ಎಲ್ಲಿ ಸಿಕ್ಕಿಸಬೇಕೆಂದು ಅವರು ಹುಡುಕಬೇಕಾಯಿತು.

ರಬಕವಿಯಲ್ಲಿರುವ ಭಾವನವರನ್ನು, ಅಂದರೆ ನಮ್ಮವರ ಅಣ್ಣನನ್ನು, ನೋಡಲು ಹೊರಟಿದ್ದೆವು. ಆರು ವಾರದ ಹಿಂದೆ ನಮ್ಮಲ್ಲಿಗೆ ಬಂದಿದ್ದ ಅವರನ್ನು ಊರಿಗೆ ಬಿಡಲು ನಮ್ಮವರು ಇದೇ ಕಾರಿನಲ್ಲಿ ಹೋಗಿದ್ದರು. ಬಾಡಗಂಡಿ ದಾಟಿ ವೇಗ ತಡೆಯಲು ರಸ್ತೆಗೆ ಅಡ್ಡ ಹಾಕಿದ ಒಂದು ಹಂಪಿನ ಬಳಿ ಕಾರು ಮುಂದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬಡಿಯಿತು. ವೇಗವೇನೂ ಇರಲಿಲ್ಲ, ಬಂಪರ್ ಸೀಳಿತು ಅಷ್ಟೆ. ಆದರೆ ಮುಂದಕ್ಕೆ ಕೈ ಊರಿದ ಭಾವನವರ ಬಲ ಮಣಿಕಟ್ಟು ಮುರಿಯಿತು. ಬ್ರೇಕ್ ಒತ್ತಿಯೇ ಇದ್ದೆ, ಅದೇ ಕೈಬಿಟ್ಟಿತು ಅಂತ ನಮ್ಮವರು. ಒತ್ತಲೇ ಇಲ್ಲ, ಮಾತಿನಲ್ಲಿ ಮೈಮರೆತಿದ್ದ ಅಂತ ಭಾವನವರು. ಅಂದಿನಿಂದ ಅವರು ತಮ್ಮನ ಫೋನ್ ಎತ್ತಿಲ್ಲ.

ನಾನು ನಂಬಿದ್ದು ಭಾವನವರ ಮಾತನ್ನು. ನಮ್ಮವರಿಗೆ ಅರವತ್ತೈದು, ಸಕ್ಕರೆ ಕಾಯಿಲೆ, ಅಂಗಾಲು ಜೋಮು ಹಿಡಿಯುತ್ತದೆಂದು ಅವರೇ ಹೇಳುತ್ತಿದ್ದರು. ಬಂಪರ್ ರಿಪೇರಿ ಮಾಡಿದವರೂ ಬ್ರೇಕಿನಲ್ಲಿ ಏನೂ ದೋಷವಿಲ್ಲ ಅಂದಿದ್ದರು. "ಇನ್ನ ನೀವು ಗಾಡಿ ಹೊಡಿಯೂದು ಬ್ಯಾಡ್ರಿ" ಎಂದೆ. ಅವರು ವಾದಿಸಲಿಲ್ಲ. ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ರಬಕವಿಗೆ ಜಮಖಂಡಿ ದಾರಿ ಹತ್ತಿರ. ಅಂದು ಅಣ್ಣತಮ್ಮಂದಿರು ಮುಧೋಳದಲ್ಲಿ ಕೆಲಸವಿದ್ದು ಸುತ್ತಿಕೊಂಡು ಹೋಗಿದ್ದರು. ನಾನು ಬಾಡಗಂಡಿ, ಮುಧೋಳದ ಸುತ್ತು ಹಿಡಿದೆ. ಆ ಹಂಪನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. "ಅಲ್ಲೇನ ನೋಡ್ತಿ" ಎಂದಷ್ಟೇ ಅವರು ಅಂದರು.

ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹೊಲದಿಂದ ಹೊರಬರುವಾಗ ಗಾಲಿಗೆ ಮೆತ್ತಿದ ಎರೆಮಣ್ಣನ್ನು ಡಾಂಬರಿನ ಮೇಲೆ ಕೆಡವುತ್ತ ಹೋಗಿದ್ದವು. ಅದರ ಮೇಲೆ ಉದುರಿದ ಕಬ್ಬಿನ ಎಲೆ, ಅದರ ಮೇಲೆ ಮಳೆ. ರಸ್ತೆ ಎಣ್ಣೆ ಸವರಿದ ಹಂಚಿನಂತೆ ಮಿರುಗುತ್ತಿತ್ತು. ಹಂಪು ಊರ ಮಂದಿ ತಾವೇ ಹಾಕಿಕೊಂಡದ್ದು. ಅದಕ್ಕೆ ಬಣ್ಣವಿಲ್ಲ, ಮುಂಚೆ ಬೋರ್ಡೂ ಇಲ್ಲ. ಬದಿಯಲ್ಲಿ ಬಂಪರಿನ ಕರಿ ಪ್ಲಾಸ್ಟಿಕ್ಕಿನ ಒಂದು ಚೂರು ಇನ್ನೂ ಬಿದ್ದಿತ್ತು.

ದೂರದಿಂದಲೇ ಮೆತ್ತಗೆ ಬ್ರೇಕ್ ಒತ್ತುತ್ತ ಬಂದೆ. ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಈ ಹೈಬ್ರಿಡ್ ಕಾರು ಸದ್ದಿಲ್ಲದೆ ನಿಧಾನವಾಗುತ್ತದೆ. ಮುಂದಿನ ಗಾಲಿಗಳು ಹಂಪಿನ ಅಂಚು ಏರಿ ಜಿಗಿದವು. ಆಗಲೇ ಹಿಡಿತ ಹೋಯಿತು. ನನ್ನ ಕಾಲು ಪೆಡಲ್ ಮೇಲೆ ಇದ್ದ ಹಾಗೇ ಇತ್ತು. ಕಾರು ಮಾತ್ರ ಹಿಂದಿನಿಂದ ಯಾರೋ ನೂಕಿದ ಹಾಗೆ ಮುಂದಕ್ಕೆ ಸರಿಯಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕಾಲಡಿಯಲ್ಲಿ ಗರ್ ಎಂದು ನಡುಗಿ ನಿಂತಿತು. ಮುಂದೆ ಯಾರೂ ಇರಲಿಲ್ಲ, ಪುಣ್ಯ.

"ಬ್ರೇಕ್ ಬಿಟ್ತಲ್ರಿ" ಎಂದೆ.

"ನೀ ಒತ್ತಿದ್ದಿ?"

"ಒತ್ತೇನ್ರಿ. ಇನ್ನೂ ಒತ್ತೇ ಐತಿ ಕಾಲು."

"ನಾನೂ ಒತ್ತಿದ್ದೆ" ಎಂದರು ನಮ್ಮವರು, ಕಿಟಕಿಯಾಚೆ ನೋಡುತ್ತಲೇ.

ಮುಧೋಳದಲ್ಲಿ ಸುಸಲಾ, ಮಿರ್ಚಿ, ಚಹಾ. ಇಬ್ಬರಿಗೂ ಸೇರಿ ತೊಂಬತ್ತು ರೂಪಾಯಿ. ಅವರು ಮಿರ್ಚಿ ಮುಟ್ಟಲಿಲ್ಲ. ಹೋಟೆಲಿನ ಮಗ್ಗುಲಲ್ಲೇ ಒಂದು ಗ್ಯಾರೇಜು ಕಂಡಿತು. ನಡುವಯಸ್ಸಿನ ಮೆಕ್ಯಾನಿಕ್ ನನ್ನ ಮಾತು ಪೂರ್ತಿ ಕೇಳಿಸಿಕೊಂಡು ನಕ್ಕ.

"ಈ ಗಾಡಿಗೆ ಎರಡು ಬ್ರೇಕ್ ಇರತಾವ್ರಿ ಅಕ್ಕಾರ. ಮೆಲ್ಲಕ ಒತ್ತಿದ್ರ ಮೋಟಾರ ಹಿಡಿತೈತಿ, ಬ್ಯಾಟರಿ ಚಾರ್ಜ್ ಆಕ್ಕೈತಿ. ಗಾಲಿ ಜಿಗಿತು, ಇಲ್ಲಾ ಜಾರಿತು ಅನ್ರಿ, ಮೋಟಾರ ಬಿಟ್ಟುಬಿಡ್ತೈತಿ. ಆಮ್ಯಾಲೆ ಗಾಲಿಯಾಗಿನ ಬ್ರೇಕ್ ಪ್ಯಾಡ್ ಹಿಡಿತಾವ. ಇಬ್ಬರು ಚೀಲಾ ಹೊರುವಾಗ ಒಬ್ಬಂವ ಬಿಟ್ಟು ಇನ್ನೊಬ್ಬಂವ ಹಿಡಿಯೂದ್ರಾಗ ಚೀಲಾ ಒಂದಿಷ್ಟು ಜೋಲಿ ಹೊಡಿತೈತಲ್ರಿ, ಹಂಗ. ಹಿಮಾ ಬೀಳೂ ದೇಶದಾಗೂ ಇದ ತ್ರಾಸ ಅಂತ. ನಮಗ ಹಿಮಾ ಯಾಕ ಬೇಕ್ರಿ, ಎರಿ ಮಣ್ಣ ಐತಲ್ಲ."

"ಮತ್ತ ಬಂಪರ್ ರಿಪೇರಿ ಮಾಡಿದವ್ರು ಬ್ರೇಕಿನಾಗ ದೋಷ ಇಲ್ಲ ಅಂದ್ರಲ್ಲ?"

"ದೋಷ ಅಲ್ರಿ ಅದು, ಅದರ ಸ್ವಭಾವ. ಅಂಜಿ ಕಾಲ ತೆಗಿಬಾರದು ನೋಡ್ರಿ, ಇನ್ನೂ ಜೋರ ಒತ್ತಬೇಕು." ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮವರು ಎರಡು ಹೆಜ್ಜೆ ಆಚೆ ನಿಂತು, ಯಾರದೋ ಮನೆಯ ಸುದ್ದಿ ಎಂಬಂತೆ ಕೇಳುತ್ತಿದ್ದರು.

ರಬಕವಿ ಮುಟ್ಟಿದಾಗ ಹನ್ನೊಂದು. ಓಣಿಯಲ್ಲಿ ಮಗ್ಗಗಳ ಖಟಖಟ ಸದ್ದು ಒಂದೇ ಸಮ ಕೇಳುತ್ತಿತ್ತು. ಭಾವನವರ ಮನೆ ಹತ್ತಿರವಾದಂತೆ ಅದು ತೆಳುವಾಯಿತು. ಅವರ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಹಳೇ ಚಾದರ ಹೊದಿಸಿದ್ದರು. ಕೈಯ ಪ್ಲಾಸ್ಟರ್ ತೆಗೆದಿದ್ದರೂ ಮುಷ್ಟಿ ಕೂಡುವುದಿಲ್ಲವಂತೆ. ಆ ಬಲಗೈಯನ್ನು ತೊಡೆಯ ಮೇಲೆ ಬೇರೆ ಯಾರದೋ ಸಾಮಾನಿನಂತೆ ಇಟ್ಟುಕೊಂಡು ಕುಳಿತಿದ್ದರು. ಅವರ ಹೆಂಡತಿ, ನನ್ನ ನೆಗೆಣ್ಣಿ ಶಾಂತಕ್ಕ ನೀರು ತಂದಿಟ್ಟರು. ಭಾವನವರು ತಮ್ಮನನ್ನು ಬಾ ಅನ್ನಲಿಲ್ಲ.

"ನೀನ ಹೊಡಕೊಂಡ ಬಂದ್ಯೇನವಾ?" ಎಂದು ನನ್ನನ್ನು ಕೇಳಿದರು. "ಛಲೋ ಮಾಡ್ದಿ. ಕೈ ಕಾಲ ಸುದ್ದ ಬಂದ್ರಿ."

"ಭಾವಾರ, ಇವತ್ತ ಅದ ಹಂಪಿನ ಮ್ಯಾಲೆ ನನಗೂ ಬ್ರೇಕ್..."

ಅವರು ಎಡಗೈ ಎತ್ತಿದರು. "ಸಾಕವಾ. ಇಷ್ಟ ದಿನಾ ಅಂವ ಒಬ್ಬನ ಗಾಡಿ ಮ್ಯಾಲೆ ಹಾಕ್ತಿದ್ದ, ಈಗ ನಿನಗೂ ಕಲಿಸ್ಯಾನ. ಗಾಡಿಗೆ ಬಾಯಿಲ್ಲ, ಏನ ಹಾಕಿದ್ರೂ ನಡಿತೈತಿ." ಆಮೇಲೆ ಮೊದಲ ಸಲ ತಮ್ಮನ ಕಡೆ ತಿರುಗಿದರು. "ಎಳಿ ಹರದ್ರ ಮಗ್ಗದ ತಪ್ಪು ಅಂತ ನಮ್ಮಪ್ಪ ಎಂದರ ಅಂದಿದ್ನೇನಲೇ? ಈ ಮನ್ಯಾಗ ಯಾರರ ಅಂದಾರೇನು?"

ಒಳಗೆ ಸ್ಟವ್ ಮೇಲೆ ಏನೋ ಕುದಿಯುವ ಸದ್ದು. ಮೆಕ್ಯಾನಿಕ್ ಹೇಳಿದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.

"ಇಲ್ಲಣ್ಣ" ಎಂದರು ನಮ್ಮವರು. "ನಾ ಬ್ರೇಕ್ ಹಾಕಿದ್ದಿಲ್ಲ. ಮಾತಿನಾಗ ಇದ್ದೆ. ತಪ್ಪು ನಂದ."

ನಾನು ಅವರ ಮುಖ ನೋಡಿದೆ, ಅವರು ನನ್ನ ಕಡೆ ನೋಡಲಿಲ್ಲ. ಸುಳ್ಳು ಕೇಳಿಯೂ ಸುಮ್ಮನಿದ್ದವರಿಗೆ ಅದರ ಪಾಪದ ಅರ್ಧ ಪಾಲು ಎಂದು ನಾನು ಓದಿದ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ನಾನು ಸುಮ್ಮನಿದ್ದೆ.

ಭಾವನವರು ಎಡಗೈಯಿಂದ ತಮ್ಮನನ್ನು ಹತ್ತಿರ ಕರೆದರು. "ಇದನ್ನ ಅಂದ ಹೇಳಿದ್ರ ಏನಾಗ್ತಿತ್ತಲೇ ತಮ್ಮಾ" ಎಂದರು. ಆಮೇಲೆ ಶಾಂತಕ್ಕನ ಕಡೆ ತಿರುಗಿದರು. "ಏ ಇಕಿ, ರೊಟ್ಟಿ ಬಡಿ ಅವಗ. ಮಾರಿ ನೋಡಲ್ಲಿ, ಹೆಂಗ ಸೊರಗೇತಿ."

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಭಾವನವರ ರೊಟ್ಟಿಯನ್ನು ಶಾಂತಕ್ಕ ಹಾಲಿನಲ್ಲಿ ಮುರಿದು ಕೊಟ್ಟರು. ಅವರು ಎಡಗೈಯಲ್ಲಿ ಚಮಚ ಹಿಡಿದು, ಮುಜುಗರವಿಲ್ಲದೆ, ತಮ್ಮನೊಡನೆ ನಗುತ್ತ ಉಂಡರು. ನಮ್ಮವರೂ ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ.

ಮೂರಕ್ಕೆ ಹೊರಟು ಜಮಖಂಡಿಯ ದಾರಿ ಹಿಡಿದೆವು. ಮಳೆ ನಿಂತಿದ್ದರೂ ಬಿಸಿಲಿರಲಿಲ್ಲ.

"ಯಾಕ ಹಂಗ ಅಂದ್ರಿ?" ಎಂದು ಕೊನೆಗೆ ಕೇಳಿದೆ.

"ಅವಂದು ಕೈ ಹೋಗೇತಿ. ಗಾಡಿ ಮ್ಯಾಲೆ ಸಿಟ್ಟು ಮಾಡಕೊಂಡು ಏನ ಮಾಡ್ಯಾನ ಅಂವ? ಸಿಟ್ಟಿಗೂ ಒಬ್ಬ ಮನಷ್ಯಾ ಬೇಕಾಗ್ತಾನ." ಸ್ವಲ್ಪ ತಡೆದು ಹೇಳಿದರು, "ಅಂವ ನಂಬಲಿಲ್ಲಂತ ನನಗೇನೂ ಅಷ್ಟ ಅನಿಸಿದ್ದಿಲ್ಲ."

ನನ್ನ ಕುರಿತ ಮುಂದಿನ ಮಾತನ್ನು ಅವರು ಹೇಳಲಿಲ್ಲ, ನನಗೆ ಕೇಳಿಸಿತು.

ಹುನ್ನೂರದ ಹತ್ತಿರ ಕಾರು ಬದಿಗೆ ನಿಲ್ಲಿಸಿ ಇಳಿದೆ. ಅವರ ಕಡೆಯ ಬಾಗಿಲು ತೆಗೆದು "ಇಲ್ಲಿಂದ ನೀವ ಹೊಡೀರಿ" ಎಂದೆ.

"ಬ್ಯಾಡ. ಅಣ್ಣಗ ಹೇಳಿ ಬಂದೇನಲ್ಲ, ನಾ ಬ್ರೇಕ್ ಹಾಕಾಂವಲ್ಲ ಅಂತ" ಎಂದು ಅವರೇ ಬಾಗಿಲು ಎಳೆದುಕೊಂಡರು.

ಮತ್ತೆ ಹೊರಟೆವು. ಫರ್ಲಾಂಗು ದಾಟುವುದರೊಳಗೆ ಇನ್ನೊಂದು ಹಂಪು, ಅದರ ಮೇಲೂ ಎರೆಮಣ್ಣು. ನಾನು ಬ್ರೇಕಿನ ಕಡೆ ಕಾಲು ತರುವ ಮೊದಲೇ ಎಡಗಡೆ ಏನೋ ಅಲುಗಿದಂತಾಗಿ ಕೆಳಗೆ ನೋಡಿದೆ. ಅವರ ಬಲಗಾಲು ಪೆಡಲಿಲ್ಲದ ಆ ಜಾಗದಲ್ಲಿ ಮ್ಯಾಟನ್ನು ಒತ್ತಿ ಹಿಡಿದಿತ್ತು. ನಾನೂ ಬ್ರೇಕ್ ಒತ್ತಿದೆ, ಕಾರು ಜಿಗಿದು, ಜಾರಿ, ಮತ್ತೆ ಹಿಡಿದುಕೊಂಡಿತು. ಹಂಪು ಪೂರ್ತಿ ದಾಟುವವರೆಗೂ ಆ ಕಾಲು ಮೇಲೇಳಲಿಲ್ಲ.