ಅಟ್ಟದ ಕಾಗದ

ಸುಮತಿ, ನಿನ್ನ ಶಾಯಿ ಅಸಲಿಯಾಗಿತ್ತು. ಅದು ನಕಲಿ ಎಂದು ಬರೆದವಳು ನಾನು. ತಪ್ಪಿ ಬರೆದೆ — ಅಷ್ಟೇ ಆಗಿದ್ದರೆ ಇದನ್ನು ಹೇಳಬೇಕಾಗಿರಲಿಲ್ಲ. ತಪ್ಪೆಂದು ಗೊತ್ತಾದ ಮೇಲೂ, ಹೇಳಲೇಬೇಕಾಗಿದ್ದ ದಿನವೂ, ಹೇಳಲಿಲ್ಲ.

ಗೂಡಲೂರಿನ ಗಂಡನ ಮನೆ ಬಿಟ್ಟು ಕೋತಗಿರಿಯ ಅವ್ವೆಯ ಮನೆಗೆ ಬಂದವಳು ನೀನು. ಬಂದ ದಿನ ನಿನ್ನ ಕುತ್ತಿಗೆಯ ಮೇಲಿದ್ದ ಗುರುತನ್ನು ನಾನು ನೋಡಿದ್ದೆ. ನಿನ್ನ ಅನ್ನ ನೀನೇ ದುಡಿದುಕೊಂಡರೆ ಇರು, ಇಲ್ಲವಾದರೆ ತಿರುಗಿ ಹೋಗು ಎಂದರು ಹಟ್ಟಿಯ ಹಿರಿಯರು. ನೀನು ಕೊಯಮತ್ತೂರಿನಿಂದ ಫೌಂಟನ್ ಪೆನ್ನಿನ ಶಾಯಿ ತರಿಸಿ ಆನ್‌ಲೈನಿನಲ್ಲಿ ಮಾರತೊಡಗಿದೆ. ಆ ಹುಚ್ಚನ್ನು ಕಾಲೇಜಿನಲ್ಲಿ ನಿನಗೆ ಹಚ್ಚಿದವಳೂ ನಾನೇ.

ಪೆನ್ನಿನ ಆಸಕ್ತರ ಆನ್‌ಲೈನ್ ಗುಂಪಿನಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ರಸಾಯನಶಾಸ್ತ್ರ ಓದಿದವಳು, ನೋಡದೆ ಹೇಳುವವಳಲ್ಲ ಎಂದು. ಮುಚ್ಚಳದ ಸೀಲು, ಬಾಟಲಿಯ ತಳದ ಅಚ್ಚು, ಲೇಬಲ್ಲಿನ ಅಕ್ಷರ, ವಾಸನೆ — ಕೊನೆಗೆ ಕಾಗದದ ಮೇಲೆ ಗೆರೆ. “ಹೆಣ್ಣು ನೋಡೋಕೆ ಬಂದವರ ಹಂಗೆ ಬಾಟ್ಲಿ ನೋಡ್ತೀ. ಹಾಡು ಬರುತ್ತಾ ಅಂತನೂ ಕೇಳು” ಎಂದು ನೀನು ನಗುತ್ತಿದ್ದೆ.

ಆ ಮಳೆಗಾಲದಲ್ಲಿ ಗಿರಾಕಿಯೊಬ್ಬ ನಿನ್ನ ಶಾಯಿಯ ಬಗ್ಗೆ ಅನುಮಾನ ಎತ್ತಿದ. ಗುಂಪಿನವರು ನನ್ನನ್ನು ಕೇಳಿದರು. ನೀನೇ ಒಂದು ಬಾಟಲಿ ಕಳಿಸಿದೆ, ನಂಬಿ. ಸೀಲು ಸರಿಯಿತ್ತು, ಅಚ್ಚು ಸರಿಯಿತ್ತು. ಗೆರೆ ಎಳೆದೆ — ಶಾಯಿ ಬೇರಿನಂತೆ ಎಳೆಎಳೆಯಾಗಿ ಹರಡಿ ಹಿಂಬದಿಗೂ ಇಳಿಯಿತು. ಕಳಪೆ ಶಾಯಿ ಹಾಗೆ ಹರಡುತ್ತದೆ. ತೇವ ಹಿಡಿದ ಕಾಗದದ ಮೇಲೆ ಒಳ್ಳೆಯದೂ ಹಾಗೇ ಹರಡುತ್ತದೆ. ನನಗೆ ಗೊತ್ತಿರಲಿಲ್ಲವೆಂದಲ್ಲ — ಆದರೆ ನನ್ನ ಕಾಗದ ಅಟ್ಟದ್ದು. ಹುಬ್ಬತಲೈಯ ನಮ್ಮ ಮನೆಯಲ್ಲಿ ಉಪ್ಪು, ಬೆಂಕಿಪೊಟ್ಟಣ, ನನ್ನ ಸರ್ಟಿಫಿಕೇಟು ಎಲ್ಲವೂ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ. ಅಟ್ಟದ್ದು ಎಂದರೆ ಒಣಗಿದ್ದು. ಅದನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಇದು ಅಸಲಿ ಅಲ್ಲ ಎಂದು ಬರೆದೆ. ನೀನು ಫೋನು ಮಾಡಿದೆ. ಬೈಯಲಿಲ್ಲ.

“ಇನ್ನೊಂದು ಸಲ ಬರದು ನೋಡು. ನೀ ನೋಡಿದರೆ ಎನಗ ಸಾಕು.”

“ಕಾಗದ ಸುಳ್ಳು ಹೇಳೋದಿಲ್ಲ, ಸುಮತಿ” ಎಂದೆ.

ಆರ್ಡರುಗಳು ನಿಂತವು. ಕಳಿಸಿದ್ದವೂ ವಾಪಸು ಬಂದವು.

ಚಳಿಗಾಲದ ಒಣ ಬಿಸಿಲಿನಲ್ಲಿ, ಅದೇ ಬಾಟಲಿಯಿಂದ, ಅದೇ ಕಟ್ಟಿನ ಕಾಗದದ ಮೇಲೆ ಏನನ್ನೋ ಬರೆಯಲು ಕೂತೆ. ಗೆರೆ ಒಂದು ಕೂದಲಷ್ಟೂ ಹರಡಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಅಟ್ಟದ ಕೆಳಗಿನ ಒಲೆಗೆ ಹಲಗೆ ಮುಚ್ಚಿ ಅವ್ವೆ ಈರುಳ್ಳಿ ಬುಟ್ಟಿ ಇಟ್ಟಿದ್ದಳು. ಗ್ಯಾಸು ಬಂದು ವರ್ಷ ದಾಟಿತ್ತು. ಇಡೀ ಮಳೆಗಾಲ ಆ ಅಟ್ಟಕ್ಕೆ ಬಿಸಿಯೇ ತಾಗಿರಲಿಲ್ಲ. ಕಾಗದ ಮಂಜು ಕುಡಿದಿತ್ತು. ಆದರೂ ಕೂನೂರಿನ ಅಂಗಡಿಯಿಂದ ಅದೇ ಶಾಯಿ ತಂದು ಪಕ್ಕಪಕ್ಕದಲ್ಲಿ ಹನಿ ಬಿಟ್ಟು ನೋಡಿದೆ. ಎರಡಕ್ಕೂ ವ್ಯತ್ಯಾಸವಿರಲಿಲ್ಲ.

ಗುಂಪಿಗೆ ಒಂದು ಸಾಲು ಸಾಕಿತ್ತು. ಬರೆದೆ, ಅಳಿಸಿದೆ. ತಪ್ಪದವಳು ಎಂಬ ಹೆಸರು — ಅದು ನನಗೆ ಬೇಕಾಗಿತ್ತು. ಇದಕ್ಕಿಂತ ದೊಡ್ಡ ಕಾರಣವೊಂದನ್ನು ಹುಡುಕಿದ್ದೇನೆ. ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಸೋಮವಾರ, ನೀನು ಇರಬೇಕೋ ತಿರುಗಿ ಹೋಗಬೇಕೋ ಎಂದು ತೀರ್ಮಾನಿಸಲು ಹಿರಿಯರು ನಿಮ್ಮ ಮನೆಯಲ್ಲಿ ಕೂಡಿದರು. ನಿನ್ನ ಪರವಾಗಿ ಮಾತಾಡಲು ನೀನೇ ನನ್ನನ್ನು ಕರೆದಿದ್ದೆ. ನಿನ್ನ ಅವ್ವೆಯ ಅಣ್ಣ, ನಿನ್ನ ಮಾವ, ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು.

“ನೀ ಓದಿದ ಹೆಣ್ಣು. ಇವಳ ಇಂಕು ಒಳ್ಳೆದಾ, ಹೊಲ್ಲದಾ? ನೀ ಹೇಳಿದರೆ ಮುಗೀತು.”

“ಎನಗ ಗೊತ್ತಿಲ್ಲೆ, ಮಾವ.”

ಗೊತ್ತಿತ್ತು. ನೀನು ನನ್ನನ್ನು ಒಮ್ಮೆ ನೋಡಿದೆ, ಮತ್ತೆ ನೋಡಲಿಲ್ಲ. ಆ ವಾರವೇ ನಿನ್ನನ್ನು ಗೂಡಲೂರಿಗೆ ಬಿಟ್ಟು ಬಂದರು.

ಹೋದ ತಿಂಗಳು ಅಲ್ಲಿನ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕಿದೆ. ಮಾತಾಡುವಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಸೆರಗು ಒಮ್ಮೆ ಜಾರಿತು — ಮುಂದಿನ ಹಲ್ಲುಗಳಿರಲಿಲ್ಲ. ನೀನು ಕೇಳಿದ್ದು ನನ್ನ ಅವ್ವೆಯ ಮೊಣಕಾಲು ನೋವು ಹೇಗಿದೆ ಎಂದು.

ನಿನ್ನೆ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ಅದು ಸುಲಭದ್ದು. ನಿನ್ನ ಮನೆಗೇ ಬಂದು ಹೇಳೋಣವೆಂದರೆ — ನಿನ್ನ ಗಂಡನ ಕಿವಿಗೆ ಬಿದ್ದರೆ ಅದರ ಪೆಟ್ಟೂ ನಿನಗೇ. ಇವತ್ತು ಬೆಳಿಗ್ಗೆ ಕೋತಗಿರಿಗೆ ಹೋಗಿ ನಿನ್ನ ಮಾವನಿಗೆ ಹೇಳಿದೆ. ತಣ್ಣಗಿದ್ದ ಒಲೆ, ಕಾಗದ, ಆ ಸೋಮವಾರದ ನನ್ನ ಮಾತು. ನಿನ್ನ ಹಲ್ಲಿನ ಮಾತನ್ನೂ ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ.

ಅವರು ಕೇಳಿದರು: “ನಾ ಕೇಳಿದಾಗ ನೀ ಎಲ್ಲಿದ್ದೆ?”

“ನಿಮ್ಮ ಎದುರಿಗೇ ಇದ್ದೆ, ಮಾವ.”

ಅವರು ಎದ್ದು ಕೋಟು ಹಾಕಿಕೊಂಡರು. ಗೂಡಲೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರನ್ನು ನಿಲ್ಲಿಸಿ ಕೇಳಿದರು.