ಎರಡು ಸಲ ಬಾರಿಸಿದ ಗಂಟೆ

ಇಳಿಜಾರಿನಲ್ಲಿ ಶಾರದಾ ಆಂಟಿ ಎರಡೂ ಕೈ ಅಗಲಿಸಿ, ಅಂಗಳದ ಕೋಳಿಗಳನ್ನು ಅಟ್ಟುವವರ ಹಾಗೆ ಓಡಿ ಬರುತ್ತಿದ್ದರು. ಬಾಯಲ್ಲಿ "ಸರೀರಿ, ಸರೀರಿ!" ಎಂಬ ಕೂಗು. ನಾಯಿ ಹಿಡಿದು ವಾಕಿಂಗ್ ಬಂದ ಅಮೆರಿಕನ್ನರು ಭಾಷೆ ತಿಳಿಯದಿದ್ದರೂ ವಿಷಯ ತಿಳಿದು ದಾರಿ ಬಿಡುತ್ತಿದ್ದರು. ಆಗ ಆಂಟಿಗೆ ಅರವತ್ತೊಂದು ವರ್ಷ.

ನಮ್ಮ ಗ್ಲೆಂಡೇಲ್ ಹೈಟ್ಸ್ ಕಡೆ ನೆಲ ದೋಸೆ ಹಂಚಿನಷ್ಟು ಸಮ. ಹತ್ತಿರದಲ್ಲಿದ್ದದ್ದು ಒಂದೇ ಗುಡ್ಡ, ಅದೂ ಹಳೆಯ ಕಸದ ರಾಶಿಗೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದು. ಬಾದಾಮಿ ಕಡೆಯ ಬಂಡೆಗಳ ಮೇಲೆ ಆಡಿ ಬೆಳೆದ ಆಂಟಿ ಅದನ್ನೇ ಪ್ರೀತಿಯಿಂದ "ನಮ್ಮ ಗುಡ್ಡ" ಎನ್ನುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಡೌನರ್ಸ್ ಗ್ರೋವ್‌ನಿಂದ ಡ್ರೈವ್ ಮಾಡಿಕೊಂಡು ಬಂದು ನಾಲ್ಕೈದು ಜನ ಕನ್ನಡದವರನ್ನು ಅದಕ್ಕೆ ಹತ್ತಿಸುತ್ತಿದ್ದರು. ಯಾವಾಗಲೂ ಮೊದಲು ತಲುಪುವವರು ಅವರೇ. ತಲುಪಿದವರು ಸುಮ್ಮನೆ ನಿಲ್ಲದೆ ಮತ್ತೆ ಕೆಳಗಿಳಿದು, ಕೊನೆಯಲ್ಲಿ ಏದುಸಿರು ಬಿಡುತ್ತಿದ್ದವನ ಜೊತೆ ಇನ್ನೊಮ್ಮೆ ಹತ್ತುತ್ತಿದ್ದರು. ಆ ಕೊನೆಯವನು ಸಾಮಾನ್ಯವಾಗಿ ನಾನು.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. "ಮಲಗಸೂದು ಏನ್ ದೊಡ್ಡದಲ್ಲೋ ತಮ್ಮಾ, ಎಬ್ಬಸೂದು ದೊಡ್ಡದು. ಪೇಷಂಟ್ ಕಣ್ಣು ಬಿಟ್ಟು ಹೆಸರು ಹೇಳೂತನಕಾ ನಾ ಮನೀಗೆ ಹೋದಾಕಿ ಅಲ್ಲ" ಎನ್ನುತ್ತಿದ್ದರು. ಗುಡ್ಡಕ್ಕೂ ಅದೇ ನಿಯಮ. "ಹತ್ತೂದು ಎಲ್ಲಾರಿಗೂ ಬರ್ತದ. ಇಳಿಯೂದು ಕಲಿ. ಹೆದರಿ ಹಿಂದಕ್ಕ ವಾಲಿದ್ಯೋ, ಬಿದ್ದಿ."

ನಾನು ಬಹಳ ಸಲ ಬಿದ್ದೆ. ಆದರೂ ಬಿಡಲಿಲ್ಲ, ಅದಕ್ಕೆ ಕಾರಣ ನನ್ನ ಮಗಳು. ಮೂಲೆ ಸೇರಿದ ಗಿಟಾರ್, ಬಟ್ಟೆ ಒಣಗಿಸುವ ಟ್ರೆಡ್‌ಮಿಲ್, ಅರ್ಧ ಬಣ್ಣ ಹಚ್ಚಿದ ಬೇಲಿ, ಎಲ್ಲವನ್ನೂ ಬೆರಳು ಮಾಡಿ ತೋರಿಸಿ ಹತ್ತು ವರ್ಷದ ಆ ಹುಡುಗಿ "ಡ್ಯಾಡ್, ಯೂ ನೆವರ್ ಫಿನಿಶ್ ಎನಿಥಿಂಗ್" ಎಂದಿದ್ದಳು. ಸಿಟ್ಟು ಬಂದಿತ್ತು, ಸುಳ್ಳಲ್ಲವಲ್ಲ ಎಂದು ಇನ್ನೂ ಸಿಟ್ಟು ಬಂದಿತ್ತು. ಡೆಟ್ರಾಯಿಟ್ ಹತ್ತಿರದ ಸ್ಕೀ ಗುಡ್ಡವೊಂದರಲ್ಲಿ ಬೇಸಿಗೆಯ ಓಟವಿದೆ ಎಂದು ಆಂಟಿ ಹೇಳಿದಾಗ ನನ್ನ ಹೆಸರನ್ನೂ ಕೊಟ್ಟೆ. ಮಗಳಿಗೆ ಮೆಡಲ್ ತರುತ್ತೇನೆ ಎಂದು ಮಾತೂ ಕೊಟ್ಟೆ.

ಗುಡ್ಡವನ್ನು ನಾಲ್ಕು ಸಲ ಹತ್ತಿ ಇಳಿಯಬೇಕು. ನೆತ್ತಿಯಲ್ಲೊಂದು ಗಂಟೆ ತೂಗುಹಾಕಿದ್ದರು. ಹತ್ತಿದಾಗೊಮ್ಮೆ ಬಾರಿಸಬೇಕು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಮುದುಕರೊಬ್ಬರು ಸದ್ದು ಕೇಳಿದಷ್ಟು ಸಲ ನಮ್ಮ ನಂಬರಿನ ಮುಂದೆ ಗೀಟು ಎಳೆದು ಕೆಳಗಿನವರಿಗೆ ರೇಡಿಯೋದಲ್ಲಿ ತಿಳಿಸುತ್ತಾರೆ. ಓಟ ನಡೆಸುವವರು ಇದನ್ನೆಲ್ಲ ಹೇಳುವಾಗ ನಾನು ಶೂ ಲೇಸು ಕಟ್ಟಿಕೊಳ್ಳುತ್ತಿದ್ದೆ. ಮೇಲೆ ಹೋದವನು ದೇವಸ್ಥಾನದ ಅಭ್ಯಾಸದಲ್ಲಿ ಬಂದಾಗೊಮ್ಮೆ ಬಾರಿಸಿದೆ, ಹೊರಡುವಾಗೊಮ್ಮೆ ಬಾರಿಸಿದೆ. ಎರಡನೆಯ ಸುತ್ತಿನಲ್ಲೂ ಹಾಗೆಯೇ. ಕೆಳಗೆ ಬಂದರೆ ಚಪ್ಪಾಳೆ! "ನಾಲ್ಕೂ ಮುಗಿಯಿತು" ಎಂದು ಕೊರಳಿಗೆ ಮೆಡಲ್ ಹಾಕಿಬಿಟ್ಟರು.

ತಪ್ಪು ಹೊಳೆಯಿತು. ಆದರೆ ಕಾಲು ಕಂಬವಾಗಿತ್ತು, ಎದೆ ಉರಿಯುತ್ತಿತ್ತು. ಯಾರಿಗೂ ಗೊತ್ತಿಲ್ಲ. ಮಗಳಿಗಂತೂ ಗೊತ್ತಾಗುವುದೇ ಇಲ್ಲ. ಮೆಡಲನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಹುಲ್ಲಿನ ಮೇಲೆ ಕೂತೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ನಾಲ್ಕನೆಯ ಸುತ್ತು ಮುಗಿಸಿ ಕೋಳಿ ಅಟ್ಟುತ್ತಾ ಬಂದ ಆಂಟಿ ನನ್ನನ್ನು ನೋಡಿ ನಿಂತರು. "ಏನಪಾ, ಇಷ್ಟ್ ಲಗೂ ಮುಗೀತು?"

"ಗಂಟೆ ಎರಡೆರಡು ಸಲ ಹೊಡೆದ್ಬಿಟ್ಟೆ ಆಂಟಿ" ಎಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕೈ ಚಾಚಿದರು. "ಅದನ್ನ ಬಿಚ್ಚಿ ಕೊಟ್ಟ್ ಬಾ. ಗಂಟಿ ಹೊಡದಾಂವ ನೀನಽ, ಇನ್ನೆರಡು ಸಲ ಹತ್ತಾಂವ ಯಾರು?"

ಓಟ ನಡೆಸುವವರ ಮೇಜಿನ ಹತ್ತಿರ ಹೋಗಿ ನಡೆದದ್ದು ಹೇಳಿ, ಮೆಡಲ್ ಹಿಂದಿರುಗಿಸಿದೆ. ಮೂರನೆಯದನ್ನು ಒಬ್ಬನೇ ತೆವಳಿಕೊಂಡು ಮುಗಿಸಿದೆ. ನಾಲ್ಕನೆಯದಕ್ಕೆ ಆಂಟಿ ಜೊತೆಗೆ ಬಂದರು, ಅವರಿಗದು ಐದನೆಯದು. ದಾರಿಯುದ್ದಕ್ಕೂ ಜೇಬಿನಿಂದ ಶೇಂಗಾ ಉಂಡಿ ಮುರಿದು ಮುರಿದು ಬಾಯಿಗೆ ಕೊಟ್ಟರು. ಮೇಲೆ ಹೋಗಿ ಒಂದೇ ಸಲ ಬಾರಿಸಿದೆ. ಇಳಿದಾಗ ಬ್ಯಾನರ್ ಬಿಚ್ಚುತ್ತಿದ್ದರು. ಎಲ್ಲರಿಗಿಂತ ಕೊನೆಯವನು ನಾನು. ಅದೇ ಮೆಡಲನ್ನು ಮತ್ತೆ ಹಾಕಿದರು. ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮೆಡಲನ್ನು ತನ್ನ ಕೋಣೆಯಲ್ಲಿ ನೇತುಹಾಕಿಕೊಂಡಳು.

ಮರುವರ್ಷ ಆಂಟಿಗೆ ಕಾಯಿಲೆ ಬಂತು. ಓಡುವುದು ನಿಂತರೂ ಭಾನುವಾರ ಬರುವುದು ನಿಲ್ಲಲಿಲ್ಲ. ಅವರನ್ನು ಕಡೆಯದಾಗಿ ಕಂಡದ್ದು ನವೆಂಬರಿನ ಒಂದು ಬೆಳಿಗ್ಗೆ. ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ, ಶಾಲು ಹೊದ್ದು ಕೂತಿದ್ದರು. "ನಾಲ್ಕು ಸಲ ಹತ್ತಿ ಬಾ, ನಾ ಎಣಸ್ತೀನಿ" ಎಂದರು. ಇಳಿದಾಗಲೆಲ್ಲ ಒಮ್ಮೆ ಹಾರ್ನ್ ಹೊಡೆದರು. ಮೂರನೆಯ ಸಲ ಎರಡು ಹೊಡೆದು, ಕಿಟಕಿ ಇಳಿಸಿ ತುಂಟತನದಿಂದ ನೋಡಿದರು. "ತಪ್ಪಿ ಎರಡು ಹೊಡದೆ ನೋಡು. ಲೆಕ್ಕ ಮುಗೀತು. ಏನ್ ಮಾಡ್ತಿ ಈಗ?"

"ಹತ್ತುತೀನಿ ಆಂಟಿ."

ಜನವರಿಯಲ್ಲಿ ಹೋಗಿಬಿಟ್ಟರು. ನಾನು ಅತ್ತೆ, ಬಹಳ ದಿನ ಅತ್ತೆ.

ಭಾನುವಾರಗಳಲ್ಲಿ ಈಗಲೂ ನಾಲ್ಕು ಸಲ ಹತ್ತುತ್ತೇನೆ. ಇಳಿದಾಗಲೆಲ್ಲ ಹಾರ್ನ್ ಕೇಳೀತೇನೋ ಎಂದು ಒಂದು ಗಳಿಗೆ ನಿಲ್ಲುತ್ತೇನೆ. ಆಮೇಲೆ ಮೇಲೆ ನೋಡುತ್ತೇನೆ. ಯಾರಾದರೂ ಹೊಸಬರು ಅರ್ಧದಲ್ಲಿ ಏದುಸಿರು ಬಿಡುತ್ತಾ ನಿಂತಿರುತ್ತಾರೆ. ಅವರ ಜೊತೆ ಐದನೆಯ ಸಲ ಹತ್ತುತ್ತೇನೆ.