ಅರ್ಧ ಗೇಣಿನ ಕಣ್ಣು

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯ ಹಿಂಗೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಒಬ್ಬ ಹೆಂಗಸು ರಫು ಕೆಲಸ ಮಾಡುತ್ತಿದ್ದಾಳೆ. ರಫು ಎಂದರೆ ತೇಪೆ ಎಂದು ತಿಳಿದವರು ಈಗಲೇ ತಿದ್ದಿಕೊಳ್ಳಬೇಕು. ತೇಪೆ ಬಟ್ಟೆಯ ಮೇಲೆ ಕೂರುತ್ತದೆ, ಎಲ್ಲರಿಗೂ ಕಾಣುತ್ತದೆ. ರಫುವಿನಲ್ಲಿ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಜಾಗದಲ್ಲಿ ಮೊದಲು ಉದ್ದದ ಹಾಸು, ಆಮೇಲೆ ಅಡ್ಡದ ಹೊಕ್ಕು, ಹೀಗೆ ಎಣಿಸಿ ಎಣಿಸಿ ಹೊಸದಾಗಿ ನೇಯಬೇಕು. ಮುಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳಬಾರದು. ಹಾಗೆ ಬೀಳದ ಕಾರಣಕ್ಕೇ ಅದನ್ನು ಮಾಡಿದವಳನ್ನೂ ಯಾರೂ ಕೇಳುವುದಿಲ್ಲ ಎಂಬುದು ಬೇರೆ ಮಾತು.

ಓಣಿಯವರು ಆಕೆಗೆ ಇಟ್ಟ ಹೆಸರು ಸೋಡಾಬುಡ್ಡಿ. ಹನ್ನೊಂದನೇ ವಯಸ್ಸಿಗೆ ಬಂದ ಕನ್ನಡಕ ಇಪ್ಪತ್ತರ ಹೊತ್ತಿಗೆ ಎರಡೂ ಕಣ್ಣಿಗೆ ಮೈನಸ್ ಎಂಟಕ್ಕೆ ಬಂದು ನಿಂತಿತ್ತು. ಮಗುವಿನ ಮೂಗಿನ ಮೇಲೆ ದಪ್ಪ ಗಾಜು ಕಂಡೊಡನೆ ಅಡ್ಡಹೆಸರು ಕಟ್ಟಿ ನಗುವ ಜನ, ತಮ್ಮ ಕಣ್ಣನ್ನು ತಾವೇ ದುಡಿದು ಸಂಪಾದಿಸಿದ್ದೆಂದು ತಿಳಿದಿದ್ದಾರೇನೋ!

ನಗುವವರಿಗೆ ತಿಳಿಯದ ಸಂಗತಿಯೊಂದಿತ್ತು. ಆಕೆಗೆ ಕನ್ನಡಕ ಬೇಕಿದ್ದದ್ದು ಲೋಕ ನೋಡಲು ಮಾತ್ರ. ಕುರ್ಚಿಯಲ್ಲಿ ಕೂತೊಡನೆ ಎಡಗೈಯಿಂದ ಅದನ್ನು ಹಣೆಗೇರಿಸಿ, ಬಟ್ಟೆಯನ್ನು ಬರಿಗಣ್ಣಿನಿಂದ ಅರ್ಧ ಗೇಣು ದೂರದಲ್ಲಿ ಹಿಡಿಯುತ್ತಿದ್ದಳು. ಅಳತೆ ಬೇಕೆಂದರೆ ಹನ್ನೆರಡೂವರೆ ಸೆಂಟಿಮೀಟರು. ಅಷ್ಟು ಹತ್ತಿರದಲ್ಲಿ ಉಣ್ಣೆಯ ಒಂದೊಂದು ಎಳೆ, ಎಳೆಯ ಮೇಲಿನ ನವಿರು, ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಬೇರೆಯವರು ಭೂತಗನ್ನಡಿ ಹಿಡಿದು ಹುಡುಕಬೇಕಾದದ್ದು ಆಕೆಗೆ ಹುಟ್ಟುಗಣ್ಣಿನಲ್ಲೇ ದಕ್ಕಿತ್ತು.

ಕನ್ನಡಕ ಬಿಡಿಸುವ ಶಸ್ತ್ರಚಿಕಿತ್ಸೆಯ ಹಟ ಹಿಡಿದವಳು ಅಕ್ಕ. ಒಂದೇ ಮನೆಯಲ್ಲಿರುವ ಇಬ್ಬರಲ್ಲಿ ಮಾತೆಲ್ಲ ಅಕ್ಕನ ಪಾಲು. ಕಣ್ಣಾಸ್ಪತ್ರೆಯಲ್ಲೂ ಹಾಗೆಯೇ ಆಯಿತು.

"ಏನು ಕೆಲಸ ಮಾಡ್ತೀರಮ್ಮ?" ಎಂದು ಡಾಕ್ಟರು ತಂಗಿಯನ್ನು ಕೇಳಿದರು.

"ಇಸ್ತ್ರಿ ಅಂಗಡೀಲಿದ್ದಾಳೆ ಡಾಕ್ಟ್ರೇ," ಎಂದಳು ಅಕ್ಕ. "ಆ ಹಬೆಗೆ ಕನ್ನಡಕ ಎಲ್ಲಾ ಮಂಜು ಮಂಜು. ಒರೆಸ್ಕೊಳ್ಳೋದ್ರಲ್ಲೇ ಅರ್ಧ ಆಯಸ್ಸು ಹೋಯ್ತು."

"ನಲವತ್ತೆರಡು ವಯಸ್ಸು ಇವರಿಗೆ. ದೂರದ್ದು ಚೆನ್ನಾಗಿ ಕಾಣುತ್ತೆ, ಆದ್ರೆ ಓದೋಕೆ ಕನ್ನಡಕ ಬೇಕಾಗ್ಬಹುದು."

"ಓದೋಳೇ ಇವಳು! ಕಾಗದ ಬಂದ್ರೂ ನಾನೇ ಓದಿ ಹೇಳ್ಬೇಕು."

ಡಾಕ್ಟರು ನಕ್ಕು ಫಾರಮಿನಲ್ಲಿ 'ಉದ್ಯೋಗ: ಅಂಗಡಿ' ಎಂದು ಬರೆದುಕೊಂಡರು. ಇಪ್ಪತ್ತೆರಡು ವರ್ಷದ ವಿದ್ಯೆಗೆ ಆ ಫಾರಮಿನಲ್ಲಿ ಬಿಟ್ಟಿದ್ದ ಜಾಗ ಎರಡು ಬೆರಳಗಲ. ತಂಗಿಯೂ ಬಾಯಿ ಬಿಡಲಿಲ್ಲ. ಅಕ್ಕನ ಮಾತಿನ ನಡುವೆ ನುಸುಳುವ ಅಭ್ಯಾಸ ಆಕೆಗಿರಲಿಲ್ಲ.

ಒಂದೊಂದು ಕಣ್ಣಿನ ಮೇಲೆ ಲೇಸರ್ ಬಿದ್ದದ್ದು ಒಂದು ನಿಮಿಷಕ್ಕಿಂತ ಕಡಿಮೆ. ಅದಕ್ಕೆ ಕಾಯಿಸಿದ್ದು ಮೂರು ಗಂಟೆ ಹತ್ತು ನಿಮಿಷ. ಮನೆಗೆ ಬಂದಾಗ ಕಣ್ಣಲ್ಲಿ ಮರಳು ಹಾಕಿದಂತೆ ಉರಿ, ನೀರೇ ನೀರು. ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಿಕೊಂಡು ಮಲಗಿದಳು.

ಬೆಳಿಗ್ಗೆ ಮುಚ್ಚಳ ತೆಗೆದು ಕಣ್ಣು ಬಿಟ್ಟವಳು, ಕನ್ನಡಕ ಹಾಕಿಕೊಂಡೇ ಮಲಗಿಬಿಟ್ಟೆನಲ್ಲ ಎಂದು ಗಾಬರಿಯಿಂದ ಮುಖ ಮುಟ್ಟಿಕೊಂಡಳು. ಕೈಗೆ ಸಿಕ್ಕಿದ್ದು ಬರೀ ಮೂಗು. ಸೂರಿನ ಮೂಲೆಯಲ್ಲಿ ಜೇಡವೊಂದು ಎಳೆ ಬಿಡುತ್ತಿತ್ತು. ಹತ್ತು ಅಡಿ ಆಚೆಯ ಎಳೆ! ಅದು ಗಾಳಿಗೆ ಬಾಗುವುದು, ಬಾಗಿದಾಗ ಬೆಳಕು ಅದರ ಉದ್ದಕ್ಕೂ ಜಾರುವುದು ಕಾಣುತ್ತಿತ್ತು.

"ಅಕ್ಕಾ," ಎಂದಳು ಪಿಸುದನಿಯಲ್ಲಿ, "ಅಲ್ಲಿ ಜೇಡ ಇದೆ ಕಣೇ."

"ಆರು ತಿಂಗಳಿಂದ ಇದೆ. ಪೊರಕೆ ತರ್ಲಾ?"

"ಬೇಡ, ಬೇಡ. ಏನು ಅಚ್ಚುಕಟ್ಟು ಕೆಲಸ ಅದರದ್ದು!"

ಎಂಟನೆಯ ದಿನ ತಲೆಗೆ ನೀರು ಹಾಕಿಕೊಳ್ಳಲು ಅಪ್ಪಣೆ ಸಿಕ್ಕಿತು. ಮೂವತ್ತು ವರ್ಷದಿಂದ ಬಚ್ಚಲುಮನೆ ಎಂದರೆ ಆಕೆಗೆ ಬಿಳಿಯ ಮಬ್ಬು, ಕೈತಡವಿ ಹುಡುಕುವ ಸೋಪು. ಈಗ ತನ್ನದೇ ಕಾಲ್ಬೆರಳು ಹತ್ತೂ ಕಂಡವು. ಚೊಂಬಿನ ಅಂಚಿನಿಂದ ಬೀಳುವ ನೀರು ಮೊದಲು ಹಾಳೆ, ಆಮೇಲೆ ದಾರ, ಕೊನೆಗೆ ಹನಿ ಆಗುವುದು ಕಂಡಿತು. ಬಿಸಿನೀರು ತಣ್ಣಗಾಗುವವರೆಗೆ ಸುಮ್ಮನೆ ಸುರಿಯುತ್ತ ನಿಂತಳು. ಕನ್ನಡಿಯೊಳಗೆ ಗಾಜಿಲ್ಲದ ಮುಖವೊಂದು ಆಕೆಯನ್ನೇ ನೋಡುತ್ತಿತ್ತು. ಮರ್ಯಾದೆಯಿಂದ ಮಾತಾಡಿಸಬೇಕೆನಿಸುವಷ್ಟು ಹೊಸಬಳು.

ಹತ್ತನೆಯ ದಿನ ಅಂಗಡಿಗೆ ಹೋದಳು. ಹ್ಯಾಂಗರಿನಲ್ಲಿ ಕ್ಲಾರಿನೆಟ್ ನುಡಿಸುವವರ ಕಪ್ಪು ಕೋಟು ಕಾಯುತ್ತಿತ್ತು. ಅವರ ಗುರುಗಳು ಕೊಟ್ಟುಹೋದ ಕೋಟು. ಎದೆಯ ಮೇಲೆ ಬಟಾಣಿ ಕಾಳಿನಷ್ಟು ಸುಟ್ಟ ತೂತು. ಇನ್ನು ಹದಿನೈದು ದಿನಕ್ಕೆ ಅದನ್ನು ತೊಟ್ಟು ಅವರು ವೇದಿಕೆ ಹತ್ತಬೇಕಿತ್ತು. ಶಸ್ತ್ರಚಿಕಿತ್ಸೆಗೆ ಮೊದಲೇ ಮೂವತ್ತೆಂಟು ಹಾಸಿನ ಎಳೆ, ಹದಿನೈದು ಹೊಕ್ಕಿನ ಎಳೆ ಮುಗಿದಿದ್ದವು. ಉಳಿದದ್ದು ಹತ್ತೊಂಬತ್ತು.

ಕೂತಳು. ಎಡಗೈ ತಾನಾಗಿ ಹಣೆಗೆ ಹೋಗಿ ಬರಿಗಾಳಿಯನ್ನು ಮೇಲಕ್ಕೆ ಸರಿಸಿತು. ಕೋಟನ್ನು ಅರ್ಧ ಗೇಣಿಗೆ ತಂದಳು.

ಮಬ್ಬು. ಕಪ್ಪು ಮಬ್ಬು.

ದೂರ ಸರಿಸಿದಳು. ಒಂದು ಗೇಣಿನಾಚೆ ಹೋದ ಮೇಲೆ ಬಟ್ಟೆ ಬಟ್ಟೆಯಂತೆ ಕಂಡಿತು. ಎಳೆಗಳು ಮಾತ್ರ ಒಂದರೊಳಗೊಂದು ಬೆರೆತು ಎಣಿಕೆಗೆ ಸಿಗಲಿಲ್ಲ. ಸೂಜಿ ಹಾಕಿದಳು, ತಪ್ಪಾಯಿತು, ಬಿಚ್ಚಿದಳು. ಕಿಟಕಿಯಾಚೆ ಮರದ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಹೊಳೆಯುತ್ತಿತ್ತು. ಅವುಗಳನ್ನೆಲ್ಲ ಕೊಟ್ಟು ತನ್ನ ಹತ್ತೊಂಬತ್ತು ಎಳೆಗಳನ್ನು ಕಿತ್ತುಕೊಂಡರೇ ಎನ್ನಿಸಿತು. ಬೇರೆ ಯಾವ ಕೆಲಸವೂ ಆಕೆಗೆ ಬರುತ್ತಿರಲಿಲ್ಲ.

ಮರುದಿನ ಡಾಕ್ಟರ ಮುಂದೆ ಆಕೆಯೇ ಬಾಯಿ ತೆರೆದಳು. ಅಂಗೈಯನ್ನು ಮೂಗಿನ ಮುಂದೆ ಹಿಡಿದು, "ನನ್ನ ಕೆಲಸ ಇಷ್ಟು ದೂರದಲ್ಲಿರುತ್ತೆ ಡಾಕ್ಟ್ರೇ," ಎಂದಳು.

"ಅಂಗಡಿ ಅಂದಿದ್ರಲ್ಲ?"

ಅಕ್ಕ ನೆಲ ನೋಡಿದಳು. ಆಕೆ ಮಾತಿಲ್ಲದೆ ಕೂತದ್ದನ್ನು ತಂಗಿ ಕಂಡದ್ದು ಅದೇ ಮೊದಲು.

ಡಾಕ್ಟರು ಕಣ್ಣು ಪರೀಕ್ಷಿಸಿ ಚೀಟಿ ಬರೆದುಕೊಟ್ಟರು. ಚೀಟಿ ಹಿಡಿದು ಅಕ್ಕತಂಗಿಯರು ಹೋದದ್ದು ಹನ್ನೊಂದನೇ ವಯಸ್ಸಿನಿಂದ ಈಕೆಗೆ ಕನ್ನಡಕ ಮಾಡಿಕೊಟ್ಟ ಮುದುಕನ ಅಂಗಡಿಗೆ. ಆತ ಓದಿ, ಚೀಟಿಯನ್ನು ತಿರುಗಿಸಿ ಮತ್ತೆ ಓದಿದ.

"ಇಷ್ಟು ವರ್ಷ ಮೈನಸ್ ಎಂಟು ಕೊಟ್ಟೆ. ಈಗ ಕೆಲಸಕ್ಕೆ ಅಂತ ಪ್ಲಸ್ ಎಂಟು ಕೇಳ್ತಿದೀಯಲ್ಲ ತಾಯಿ! ನನ್ನ ಅಂಗಡಿ ಬಿಟ್ಟುಹೋಗೋ ಮನಸ್ಸೇ ಇಲ್ವಾ ನಿಂಗೆ?"

ಪರೀಕ್ಷೆಯ ಗಾಜುಗಳನ್ನು ಚೌಕಟ್ಟಿಗೆ ತೂರಿಸಿ ಆಕೆಯ ಮೂಗಿಗೇರಿಸಿದ. ಆಕೆ ತನ್ನ ತೋಳಿನ ಬಟ್ಟೆಯನ್ನು ಅರ್ಧ ಗೇಣಿಗೆ ತಂದಳು. ಹಾಸು, ಹೊಕ್ಕು, ನವಿರು. ಬಿಟ್ಟುಹೋದ ಮನೆ ಬೀಗ ತೆರೆದ ಹಾಗೆ ಎಲ್ಲವೂ ಇಟ್ಟಲ್ಲೇ ಇತ್ತು.

ಕನ್ನಡಕ ಮೂರನೆಯ ದಿನ ಕೈಗೆ ಬಂತು. ಹಾಕಿಕೊಂಡು ಅಂಗಡಿಯ ಕುರ್ಚಿಯಲ್ಲಿ ಕೂತಳು, ಎಡಗೈ ಹಳೆಯ ರೂಢಿಯಂತೆ ಅದನ್ನು ಹಣೆಗೇರಿಸಿತು, ಬಟ್ಟೆ ಮಾಯವಾಯಿತು. "ಇದೂ ಕೈಕೊಡ್ತಲ್ಲಪ್ಪಾ!" ಎಂದು ಕೂಗಿದಳು.

"ಕನ್ನಡಕ ಹಣೆ ಮೇಲಿದೆ ಮಹರಾಯ್ತಿ," ಎಂದಳು ಜೊತೆಗೆ ಬಂದಿದ್ದ ಅಕ್ಕ.

ಪ್ರಾಯಶ್ಚಿತ್ತವೋ ಎಂಬಂತೆ ಅಕ್ಕ ಅಂದಿನಿಂದ ಮರದ ಸ್ಕೇಲು ಹಿಡಿದು ಪಕ್ಕದ ಸ್ಟೂಲಿನಲ್ಲಿ ಕೂತಳು. ಎಡಗೈ ಮೇಲೆದ್ದರೆ ಒಂದು ಏಟು. ಮೊದಲ ದಿನ ಹನ್ನೊಂದು, ಎರಡನೆಯ ದಿನ ನಾಲ್ಕು. ಮೂರನೆಯ ದಿನ ಸ್ಕೇಲಿಗೆ ಕೆಲಸವಿರಲಿಲ್ಲ, ಹತ್ತೊಂಬತ್ತನೆಯ ಎಳೆಯೂ ಕೂತಿತು.

ಮಾರನೆಯ ಮಧ್ಯಾಹ್ನ ಕ್ಲಾರಿನೆಟ್ಟಿನವರು ಬಂದರು. ಕೋಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೇಳಿದರು: "ಎಲ್ಲಿತ್ತಮ್ಮ ಅದು?"

ತೋರಿಸಲೆಂದು ಆಕೆ, ಅರ್ಧ ಗೇಣಿನಾಚೆ ಎಲ್ಲವನ್ನೂ ಮಬ್ಬಾಗಿಸುವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಾಗಿದಳು. ಬೆರಳು ಎದೆಯ ಮೇಲೆ ಅತ್ತ ಹೋಯಿತು, ಇತ್ತ ಬಂತು. ಇಪ್ಪತ್ತೆರಡು ವರ್ಷದಲ್ಲಿ ತಾನು ನೇಯ್ದ ಯಾವ ರಫುವೂ ತನ್ನ ಬರಿಗಣ್ಣಿನಿಂದ ತಪ್ಪಿಸಿಕೊಂಡಿರಲಿಲ್ಲ. ಇದು ಸಿಗಲೊಲ್ಲದು.

"ಗೊತ್ತಾಗ್ತಿಲ್ಲ," ಎಂದಳು ಮೆಲ್ಲಗೆ.

"ಅಯ್ಯೋ, ಮಾಡಿದವಳೇ ಗೊತ್ತಾಗ್ತಿಲ್ಲ ಅಂತಾಳೆ, ಕೇಳಿ!" ಎಂದಳು ಅಕ್ಕ.

ಅವರು ಕೋಟು ತೊಟ್ಟು ರಸ್ತೆ ದಾಟಿದರು. ಆಚೆಬದಿಯ ಬಿಸಿಲಿನಲ್ಲಿ ನಿಂತು, ತಿರುಗಿ ಕೈಯೆತ್ತಿದರು. ಬಾಗಿಲಲ್ಲಿ ನಿಂತ ಆಕೆಗೆ ಮೂವತ್ತು ಹೆಜ್ಜೆ ಆಚೆಯಿಂದ ಅವರ ಕೋಟಿನ ಗುಂಡಿಗಳು ಕಂಡವು, ವಾದ್ಯದ ಪೆಟ್ಟಿಗೆಯ ಹಿತ್ತಾಳೆಯ ಚಿಲಕ ಕಂಡಿತು, ನಗುವಾಗ ಅವರ ಕಣ್ಣಂಚಿನಲ್ಲಿ ಕೂಡುವ ಗೆರೆಗಳೂ ಕಂಡವು. ಬಿಸಿಲು ಬಿದ್ದ ಆ ಎದೆಯ ಮೇಲೆ ಆಕೆ ಬಹಳ ಹೊತ್ತು ಹುಡುಕಿದಳು. ಕಪ್ಪು ಬಟ್ಟೆ ಇಡಿಯಾಗಿತ್ತು.